ಶಂಕ್ರೆವ್ವನ ಒಲೆಯ ಮೇಲೆ ಹಾದ ರೈಲು

ಲಾಡಸಾಬನನ್ನು ದಾರಿ ಕೇಳಿದರೆ ಹಾಳಾದ ಊರು ಮುಟ್ಟುತ್ತೀರಿ, ಇದ್ದ ಊರು ಮಾತ್ರ ಸಿಗುವುದಿಲ್ಲ ಎಂದು ತೋಟದ ಕೇರಿಯ ಜನ ಹೇಳುತ್ತಿದ್ದರು. ಬೆನ್ನ ಹಿಂದಲ್ಲ, ಎದುರಿಗೇ, ಅವನೇ ಕೊಟ್ಟ ಎಲೆ ಅಡಿಕೆಯನ್ನು ದವಡೆಗೆ ಒತ್ತಿಕೊಂಡು ಹೇಳುತ್ತಿದ್ದರು. ಅದರಲ್ಲಿ ಸುಳ್ಳೂ ಇರಲಿಲ್ಲ. ಲಕ್ಷ್ಮೇಶ್ವರದಿಂದ ಗ್ಯಾಸಿನ ಸಿಲಿಂಡರು ತಂದವನೊಬ್ಬ ಈಶಪ್ಪನ ಮನೆ ಯಾವುದೆಂದು ಕೇಳಿದ್ದಕ್ಕೆ ಲಾಡಸಾಬ ಕಟ್ಟೆಯ ಮೇಲಿಂದಲೇ ಕೈ ಚಾಚಿದ್ದ.

"ಹಿಂಗ ಸೀದಾ ಹೋಗ್ರಿ, ಕಾಟಾಮನಿ ಬರತೈತಿ. ಅಲ್ಲಿ ಎಡಕ್ಕ ಹೊಳ್ಳಿ ಕುದರಿ ಲಾಯದ ಗ್ವಾಡಿ ಹಿಡಕೊಂಡು ನಡೀರಿ. ಲೈನ್ ದಾಟೂ ಮುಂದ ಅತ್ಲಾಗ ಇತ್ಲಾಗ ನೋಡ್ರಿ ಮತ್ತ!"

ಅರಳೆ ತೂಗುತ್ತಿದ್ದ ಕಾಟಾಮನೆ ಬಿದ್ದು ನಲವತ್ತು ವರ್ಷವಾಗಿತ್ತು. ಲಾಯದ ಕಲ್ಲುಗಳು ಅಡರಕಟ್ಟಿಯಲ್ಲಿ ಯಾರದೋ ಹಿತ್ತಲ ಗೋಡೆಯಾಗಿದ್ದವು. ಲೈನ್ ಅಂದರೆ ರೈಲಿನ ಹಳಿ. ಅದನ್ನು ಕಿತ್ತು ಒಯ್ದಾಗ ಲಾಡಸಾಬನಿಗೆ ಹದಿಮೂರು ವರ್ಷ, ಈಗ ಎಪ್ಪತ್ತೆಂಟು. ಸಿಲಿಂಡರಿನವನು ಬಿಸಿಲಲ್ಲಿ ಸುತ್ತಿ ಸುತ್ತಿ ಮತ್ತೆ ಅದೇ ಕಟ್ಟೆಗೆ ಬಂದು ಕುಸಿದ. ಈಶಪ್ಪನ ಮನೆ ಅಲ್ಲಿಂದ ಮೂರನೆಯದು.

"ಈಗಿನ ಮಂದಿಗೆ ಊರs ಗೊತ್ತಿಲ್ಲ" ಎಂದು ಲಾಡಸಾಬ ಮರುಗಿ, ಅವನಿಗೆ ನೀರು ತರಿಸಿ ಕೊಟ್ಟ.

ತೋಟದ ಕೇರಿ ಎಂಬ ಹೆಸರು ಕೇಳಿ ಮಾವು, ತೆಂಗು ಹುಡುಕಬೇಡಿ. ಒಂದು ಕಾಲಕ್ಕೆ ಅಲ್ಲಿ ಧಣಿಯರೊಬ್ಬರ ಆರುನೂರು ಎಕರೆ ಅರಳೆಯ ಹೊಲವಿತ್ತು, ನಡುವೆ ಒಂದು ಬಂಗಲೆ, ಅರಳೆ ಹಿಂಜುವ ಜಿನ್ನು, ಗೋದಾಮು, ಲಾಯ. ದುಡಿಯುವವರಿಗೆ ನಲವತ್ತು ಮನೆ ಎಬ್ಬಿಸಿಕೊಳ್ಳಲು ಜಾಗ ಬಿಟ್ಟಿದ್ದರು. ಧಣಿಯರ ಮಕ್ಕಳು ಪಾಲಾದರು, ಬಂಗಲೆ ಬಿತ್ತು, ಜಿನ್ನು ಬಿತ್ತು. ಬೀಳದೆ ಉಳಿದದ್ದು ದುಡಿಯುವವರ ಮನೆಗಳೇ.

ಜಿನ್ನಿನಿಂದ ಡಾಂಬರು ರಸ್ತೆಯವರೆಗೆ ಎರಡು ಮೈಲಿ ಹಳಿ ಹಾಕಿದ್ದರು. ಎಂಜಿನ್ನು ಇರಲಿಲ್ಲ. ಅರಳೆಯ ಅಂಡಿಗೆಗಳನ್ನು, ಒತ್ತಿ ಕಟ್ಟಿದ ದೊಡ್ಡ ಮೂಟೆಗಳನ್ನು, ಹೇರಿದ ಟ್ರಾಲಿಯನ್ನು ಒಂದು ಜೋಡಿ ಎತ್ತು ಎಳೆಯುತ್ತಿದ್ದವು. ದಾರಿ ಅಡ್ಡ ಬರುವಲ್ಲಿ ಲಾಡಸಾಬನ ಅಪ್ಪ ಇಮಾಮಸಾಬ ಕೆಂಪು ಬಾವುಟ ಹಿಡಿದು ನಿಲ್ಲುತ್ತಿದ್ದ. ಕೆಂಪು ಬಟ್ಟೆ ಕಂಡರೆ ಎತ್ತು ನಿಲ್ಲುತ್ತದೋ ಓಡುತ್ತದೋ ಎಂದು ಧಣಿಯರು ವಿಚಾರ ಮಾಡಿರಲಿಲ್ಲ. ಒಮ್ಮೆ ಟ್ರಾಲಿ ಹಳ್ಳಕ್ಕೆ ಬಿದ್ದ ಮೇಲೆ ಮಾಡಿದರು. ಅಂದಿನಿಂದ ಇಮಾಮಸಾಬ ಬಾವುಟ ಮಡಚಿ ಕಂಕುಳಲ್ಲಿಟ್ಟು ಬಾಯಿಂದಲೇ "ಹೋ ಹೋ" ಎನ್ನುತ್ತಿದ್ದ. ಆ ನೌಕರಿಯಿಂದ ಮನೆತನಕ್ಕೆ "ಲೈನದ" ಎಂಬ ಅಡ್ಡಹೆಸರು ಬಂತು. ಈಗ ಕರೆಂಟು ಹೋದಾಗಲೆಲ್ಲ ಹೊಸ ಸೊಸೆಯಂದಿರು ಲಾಡಸಾಬನಿಗೇ ಫೋನು ಹಚ್ಚುತ್ತಾರೆ.

"ಲೈನದವರೇನ್ರಿ? ಲೈನ್ ಯಾವಾಗ ಬರತೈತಿ?"

"ನಮ್ಮ ಲೈನ್ ಹೋಗಿ ಅರವತ್ತೈದು ವರ್ಷ ಆತವ್ವಾ. ನಾನೂ ಕಾಯಾಕಹತ್ತೇನಿ!"

ಇಂಥ ಲಾಡಸಾಬನಿಗೆ ಮಗ್ಗುಲ ಮನೆಯ ಶಂಕ್ರೆವ್ವನನ್ನು ಕಾಡದಿದ್ದರೆ ಹೊತ್ತು ಹೋಗುತ್ತಿರಲಿಲ್ಲ. ಗಂಡನಿಲ್ಲದ ಶಂಕ್ರೆವ್ವ, ಮಗ ಸೊಸೆಯೊಂದಿಗೆ ಅದೇ ಮನೆಯಲ್ಲಿ ಎಪ್ಪತ್ತು ದಾಟಿದವಳು. ಅವಳು ಮದುವೆಯಾಗಿ ಬಂದ ವಾರವೇ ಲಾಡಸಾಬ ಬಾಗಿಲಲ್ಲಿ ನಿಂತು ಹೇಳಿದ್ದ. "ತಂಗೆವ್ವಾ, ನೀ ಒಲಿ ಹೂಡೀಯಲ್ಲ, ಅದರ ಮ್ಯಾಲೆ ದಿನಾ ಆರು ಟ್ರಾಲಿ ಅರಳಿ ಹೋಗತಿತ್ತು. ಲೈನ್ ಹಾದಿದ್ದು ಅಲ್ಲೇ."

ಬರಬರುತ್ತ ಅವಳೂ ಉತ್ತರ ಕಲಿತಳು. "ಅದಕ್ಕs ನನ್ನ ರೊಟ್ಟಿ ಅರಳಿಗತೆ ಆಗ್ಯಾವ. ದಿನಾ ಬೇಡಾಕ ಬರತಿಯಲ್ಲೋ ಅಣ್ಣಾ!"

ಐವತ್ತು ವರ್ಷ ಈ ಮಾತು ನಡೆಯಿತು. ಕೇಳಿ ಕೇಳಿ ಕೇರಿಯ ಮಂದಿಗೆಲ್ಲ ಬಾಯಿಪಾಠವಾಯಿತು. ರೈಲು ಇದ್ದದ್ದನ್ನೇ ಅರ್ಧ ಜನ ನಂಬುತ್ತಿರಲಿಲ್ಲ, ಆದರೆ ಅದು ಶಂಕ್ರೆವ್ವನ ಒಲೆಯ ಮೇಲೆ ಹಾದಿತ್ತು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಹೋದ ಬೇಸಿಗೆಯಲ್ಲಿ ಕೇರಿಗೂ ಡಾಂಬರು ರಸ್ತೆಗೂ ನಡುವಿನ ಹೊಲಗಳನ್ನೆಲ್ಲ ಸೋಲಾರ್ ಹಾಕುವ ಕಂಪನಿಯೊಂದು ಹಿಡಿದು ತಂತಿಬೇಲಿ ಬಿಗಿಯತೊಡಗಿತು. ಕೇರಿಯ ಚಕ್ಕಡಿದಾರಿ ಆ ಹೊಲಗಳ ನಡುವೆ ಇತ್ತು. ಅದು ಮುಚ್ಚಿದರೆ ಹಳ್ಳ ಸುತ್ತಿ ಐದು ಮೈಲಿ. ಬಸಿರಿ ಹೆಂಗಸನ್ನು ಲಕ್ಷ್ಮೇಶ್ವರದ ದವಾಖಾನೆಗೆ ಒಯ್ಯುವುದೂ ಅದೇ ಸುತ್ತು. ಕಂಪನಿಯವರು ಕೆಟ್ಟವರೇನಲ್ಲ. ನಕಾಶೆಯಲ್ಲಿ ದಾರಿ ಇದ್ದರೆ ತೋರಿಸಿ, ಬಿಡುತ್ತೇವೆ ಎಂದರು. ಪಂಚಾಯಿತಿ ಸದಸ್ಯನಾಗಿದ್ದ ಈಶಪ್ಪ ಓಡಾಡಿ ಹಳೆಯ ನಕಾಶೆ ತೆಗೆಸಿದ. ಅದರಲ್ಲಿ ಚಕ್ಕಡಿದಾರಿ ಇರಲಿಲ್ಲ. ಜಿನ್ನಿನಿಂದ ಡಾಂಬರಿನವರೆಗೆ ಇಪ್ಪತ್ತು ಅಡಿ ಅಗಲದ ಪಟ್ಟಿಯೊಂದು ಸರಕಾರಿ ಜಾಗವೆಂದು ದಾಖಲಾಗಿತ್ತು, ಅದೇ ಹಳಿಯ ದಾರಿ. ಆದರೆ ಜಿನ್ನಿನ ಗುರುತೇ ಉಳಿದಿರಲಿಲ್ಲ, ಗಡಿಕಲ್ಲುಗಳು ಕೇರಿಯ ಬಚ್ಚಲುಗಳಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದ್ದವು.

ಅಳೆಯಲು ಬಂದವನು ಅಂಬರೀಶ, ಮುಂಡರಗಿ ಕಡೆಯ ಕೊರ್ಲಹಳ್ಳಿಯ ಹುಡುಗ, ಹೊಸ ಸರ್ವೇಯರ್. "ಲೈನ್ ಎಲ್ಲಿ ಹಾದಿತ್ತು?" ಎಂದು ಕೇಳಿದ ಕೂಡಲೇ ನಾಲ್ಕು ಜನ ಕರೆಂಟಿನ ಕಂಬ ತೋರಿಸಿದರು. ಇನ್ನೊಬ್ಬ, "ಈಗ ತಗದಾರ್ರಿ ಸರ್, ಮೂರಕ್ಕ ಬಿಡತಾರ" ಎಂದ.

"ಏ, ರೈಲಿನ ಲೈನಲೇ!" ಎಂದ ಈಶಪ್ಪ. "ಅದು ನಮಗೆಲ್ಲ ಗೊತ್ತೈತಿ ಬಿಡ್ರಿ. ಶಂಕ್ರೆವ್ವನ ಒಲಿ ಮ್ಯಾಲೆ. ಹೌದಲ್ಲೋ ಲಾಡಸಾಬ ಕಾಕಾ?"

ಎಲ್ಲರೂ ನಕ್ಕರು. ಲಾಡಸಾಬನೂ ರೂಢಿಯ ಮೇಲೆ ನಕ್ಕ. ಅಂಬರೀಶ ನಗಲಿಲ್ಲ, ಬರೆದುಕೊಂಡ.

"ಹಂಗಾದರ ಆ ಮನಿ ಪಟ್ಟಿಯೊಳಗ ಬರತೈತಿ. ದಾರಿ ಬಾಯಾಗs ಐತಿ, ತೆಗೀಬೇಕಾಗತೈತಿ. ನಾಡಿದ್ದ ಬಂದು ಗುರ್ತಾ ಹಾಕತೀನಿ."

ನಗು ಅಲ್ಲಿಗೇ ನಿಂತಿತು. ಕೈಯ ಹಿಟ್ಟು ಒರೆಸುತ್ತ ಹೊರಗೆ ಬಂದಿದ್ದ ಶಂಕ್ರೆವ್ವ ಲಾಡಸಾಬನ ಮುಖ ನೋಡಿದಳು. ಅಲ್ಲವೆನ್ನಲು ಅವನು ಬಾಯಿ ತೆರೆದ. ಬಂದದ್ದು ಕೆಮ್ಮು. ಸರ್ವೇಯರ್ ಅದನ್ನೂ ಹೌದೆಂದೇ ಎಣಿಸಿ ಬೈಕು ಹತ್ತಿದ.

ಖರೆ ಸಂಗತಿ ಬೇರೆಯೇ ಇತ್ತು. ಲೈನ್ ಹಾದದ್ದು ಲಾಡಸಾಬನ ಮನೆಯ ಅಡಿಯಲ್ಲಿ. ಕೇರಿಯದು ಎರೆ ನೆಲ. ಬೇಸಿಗೆಗೆ ಬಾಯಿಬಿಟ್ಟು ಮಳೆಗೆ ಮುಚ್ಚಿಕೊಳ್ಳುವ ಆ ಕರಿಮಣ್ಣಿನ ಮೇಲೆ ಯಾವ ಗೋಡೆಯೂ ನೆಟ್ಟಗೆ ನಿಲ್ಲುವುದಿಲ್ಲ. ಹಳಿ ಕಿತ್ತ ವರ್ಷ ಇಮಾಮಸಾಬ, ಲೈನಿಗೆ ಗಟ್ಟಿಸಿದ್ದ ಜಲ್ಲಿ ಸುಮ್ಮನೆ ಬಿದ್ದಿದೆಯಲ್ಲ ಎಂದು ಅದರ ಮೇಲೇ ಮನೆ ಎತ್ತಿದ. ಧಣಿಯರು ಲೈನಿನ ಮಗ್ಗುಲಲ್ಲಿ ಕಟ್ಟು ಎಂದಿದ್ದರು. ಕೇಳಿದವರಿಗೆ ಲೈನ್ ಆಚೆ ಹಾದಿತ್ತು ಅನ್ನಬೇಕೆಂದು ಮಗನಿಗೆ ತಾಕೀತು ಮಾಡಿದ. ಆಚೆ ಇದ್ದದ್ದು ಖಾಲಿ ಜಾಗ. ಮುಂದೆ ಅಲ್ಲಿ ಶಂಕ್ರೆವ್ವನ ಗಂಡ ಮನೆ ಕಟ್ಟಿದ, ಅಪ್ಪನ ಸುಳ್ಳು ಮಗನ ಬಾಯಲ್ಲಿ ಚೇಷ್ಟೆಯಾಯಿತು.

ಅಂದು ಮಧ್ಯಾಹ್ನ ತಾಟಿನ ಮುಂದೆ ಕೂತು ಲಾಡಸಾಬ ರೊಟ್ಟಿಯನ್ನು ಹೊರಳಿಸಿ ಹೊರಳಿಸಿ ನೋಡಿದ. ಕೊನೆಗೆ ಹೆಂಡತಿ ಮೋತಿಬಿಗೂ ಮಗ ಶಫೀಕನಿಗೂ ಎಲ್ಲ ಹೇಳಿದ. ಗದಗಿನ ಗ್ಯಾರೇಜಿನಲ್ಲಿ ದುಡಿಯುವ ಶಫೀಕ ಆ ದಿನ ರಜೆ ಹಾಕಿದ್ದ.

"ಅಬ್ಬಾ, ನೀವೇನು ಹೊಸಾದಾಗಿ ಸುಳ್ಳ ಹೇಳಬೇಕಾಗಿಲ್ಲ" ಎಂದ ಅವನು, ತಲೆ ಎತ್ತದೆ. "ಬರೇ ಸುಮ್ಮನಿದ್ದರ ಸಾಕು. ನಮ್ಮ ಮನಿ ಉಳೀತೈತಿ."

"ಪಟ್ಟಿ ಅಳತಿ ತಪ್ಪಿ ಕಂಪನಿ ಹೊಲದಾಗ ಹೊಕ್ಕರ?"

"ಅದು ಅವರು ನೋಡಕೋತಾರ."

"ಶಂಕ್ರೆವ್ವ?"

ಶಫೀಕ ಕೈಯ ರೊಟ್ಟಿ ತಾಟಿಗಿಟ್ಟ. ಅವನಿಗೂ ಹುಟ್ಟಿದಾಗಿನಿಂದ ಅವಳ ಮನೆಯ ರೊಟ್ಟಿಯೇ. ಮೋತಿಬಿ ಮಾತ್ರ ಸಾರು ಬಡಿಸುತ್ತ ಸಣ್ಣಗೆ ನಕ್ಕಳು.

"ಇದನ್ನೇನ್ ದೊಡ್ಡ ಖಬರ ಅಂತ ಹೇಳತೀರಿ? ಲಗ್ನಾದ ವರ್ಷ ಅಡಗಿಮನ್ಯಾಗ ಒಳ್ಳಕಲ್ಲು ಹೂಳಾಕ ಅಗದೆ. ಒಂದು ಗೇಣಿಗೆ ಜಲ್ಲಿ ಹತ್ತಿ ಕಬ್ಬಿಣದ ಹಾರಿ ಡೊಂಕಾತು. ಅವತ್ತs ಗೊತ್ತಾತು ನನಗ."

"ಮತ್ತ ಐವತ್ತೈದು ವರ್ಷ ಯಾಕ ಸುಮ್ಮನಿದ್ದಿ?"

"ನೀವು ಅಷ್ಟು ಖುಷೀಲೆ ಸುಳ್ಳ ಹೇಳತಿದ್ರಿ. ನಡುವ ಬಾಯಿ ಹಾಕೂದು ಸರಿ ಅನಿಸಲಿಲ್ಲ."

ಮೂರನೆಯ ದಿನ ಅಂಬರೀಶ ಸುಣ್ಣದ ಚೀಲ ಹಿಡಿದು ಬಂದ. ಕೇರಿಗೆ ಕೇರಿಯೇ ಕೂಡಿತ್ತು. ಎರಡು ದಿನದಿಂದ ಮಾತು ಬಿಟ್ಟಿದ್ದ ಶಂಕ್ರೆವ್ವ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಲಾಡಸಾಬ ತಲೆಯ ಟೊಪ್ಪಿಗೆ ಸರಿಮಾಡಿಕೊಂಡು ಮುಂದೆ ಬಂದ.

"ಸಾಹೇಬ್ರ, ಲೈನ್ ಅಲ್ಲಿ ಹಾದಿಲ್ಲ. ನಮ್ಮ ಮನಿ ಅಡಿ ಹಾದೈತಿ."

ಈಶಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, "ಕಾಕಾ, ನಿನ್ನ ಮನಸ್ಸು ದೊಡ್ಡದೈತಿ. ಹೆಣಮಗಳ ಮನಿ ಉಳಸಾಕ ನಿನ್ನ ಮನಿ ಕೊಡಾಕ ನಿಂತಿ. ಆದರ ಸುಳ್ಳ ಹೇಳಬ್ಯಾಡ" ಎಂದ.

"ಸುಳ್ಳಲ್ಲಲೇ, ಖರೆ!"

"ಐವತ್ತು ವರ್ಷ ನೀನs ಹೇಳಿಯಲ್ಲ?"

"ಅದು ಸುಳ್ಳು!"

"ನೋಡ್ರಿ ಸರ್, ಕಣ್ಣಾಗ ನೀರ ತಂದಾನ" ಎಂದು ಈಶಪ್ಪ ತಾನೇ ಕಣ್ಣೊರೆಸಿಕೊಂಡ. ಅಂಬರೀಶ ಪೆನ್ನು ಕಿವಿಗೆ ಸಿಕ್ಕಿಸಿದ. "ಅಜ್ಜಾರ, ಮೊನ್ನೆ ಒಂದು, ಇವತ್ತೊಂದು. ನಾ ಯಾವುದು ಬರಕೊಳ್ಳಲಿ?"

ಲಾಡಸಾಬನಿಗೆ ಸಿಟ್ಟು ನೆತ್ತಿಗೇರಿತು. "ಅಲ್ಲಲೇ, ಐವತ್ತು ವರ್ಷ ಸುಳ್ಳ ಹೇಳಿದೆ, ಒಬ್ಬರರೆ ಯಾಕಂತ ಕೇಳಿದಿರೇನು? ಒಮ್ಮೆ ಖರೆ ಹೇಳಿದರ ಸಾಕ್ಷಿ ಬೇಕೇನು ನಿಮಗ? ಶಂಕ್ರೆವ್ವನ ಗ್ವಾಡಿ ನೋಡ್ರಿ! ಬಿರುಕಿನ್ಯಾಗ ಬೆಕ್ಕು ಹೊಕ್ಕು ಈ ಕಡೆ ಹೊರಗ ಬರತೈತಿ. ಅಡಿಗೆ ಜಲ್ಲಿ ಇದ್ದಿದ್ದರ ಬಿರೀತಿತ್ತೇನು? ನಮ್ಮದು ನೋಡ್ರಿ, ಒಂದು ಕೂದಲೆಳಿ ಬಿರುಕಿಲ್ಲ!"

"ಏ, ನನ್ನ ಗ್ವಾಡಿ ಸುದ್ದಿ ಯಾಕ?" ಎಂದಳು ಶಂಕ್ರೆವ್ವ. ಎರಡು ದಿನದ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಅಷ್ಟರಲ್ಲಿ ಮೋತಿಬಿ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಚಹಾದ ತಾಟು, ಇನ್ನೊಂದರಲ್ಲಿ ಹಾರಿ. "ಬಿಸಲಾಗ ಯಾಕ ಜಗಳಾಡತೀರಿ? ಒಳಗ ಬರ್ರಿ ಸರ್, ಕುಂಡ್ರಿ. ಚಹಾ ಕುಡದು ನೆಲಾ ಅಗದು ನೋಡ್ರಿ."

ಪಡಸಾಲೆಯ ಮಂಚ ಸರಿಸಿದರು. ಹಾರಿಯನ್ನು ಶಫೀಕನೇ ಹಿಡಿದ. ಮೊದಲ ಏಟು ಹಾಕುವ ಮುಂಚೆ ಅಪ್ಪನ ಮುಖ ನೋಡಿದ, ಲಾಡಸಾಬ ಗೋಣು ಹಾಕಿದ. ಒಂದು ಗೇಣು ಮಣ್ಣು ಸರಿದದ್ದೇ ಹಾರಿ ಟಣ್ಣೆಂದಿತು. ಒತ್ತಾಗಿ ಗಟ್ಟಿಸಿದ ಜಲ್ಲಿ. ಅದನ್ನು ಕೆದರಿದರೆ ಗೆದ್ದಲು ತಿಂದು ಬಿಟ್ಟ ಅಡ್ಡದಿಮ್ಮಿ, ಅದರಲ್ಲಿ ಹಳಿ ಬಿಗಿಯುವ ಕಬ್ಬಿಣದ ಮೊಳೆ, ಹೆಬ್ಬೆರಳಿಗಿಂತ ದಪ್ಪ.

ಲಾಡಸಾಬನಿಗೆ ಆ ಗಳಿಗೆಯಲ್ಲಿ ಮನೆಯೂ ಮರೆತುಹೋಯಿತು, ಸಿಟ್ಟೂ ಮರೆತುಹೋಯಿತು. ಮೊಳೆ ಕಿತ್ತು ಎತ್ತಿ ಹಿಡಿದು ಹೊರಗೋಡಿದ. "ನೋಡ್ರಿಲೇ! ರೈಲ್ ಇದ್ದಿಲ್ಲ ಅಂತಿದ್ರೆಲ್ಲ! ಮುದುಕ ಕನಸ ಕಂಡಾನ ಅಂತಿದ್ರೆಲ್ಲ! ಇದೇನು, ನಿಮ್ಮಜ್ಜನ ಹಲ್ಲೇನು? ಮುಟ್ಟಿ ನೋಡ್ರಿ, ಎಲ್ಲಾರೂ ಮುಟ್ಟಿ ನೋಡ್ರಿ!" ಜನ ಸಾಲುಗಟ್ಟಿ ಮುಟ್ಟಿ ನೋಡಿದರು.

"ಮನಿ ಹೊಂಟೈತಿ, ಇವರಿಗೆ ಹಬ್ಬ ಆಗೇತಿ" ಎಂದಳು ಮೋತಿಬಿ. ಮಂಚದ ಮೇಲೆ ಸಿಡಿದ ಮಣ್ಣು ಕೊಡವುತ್ತ ನಕ್ಕಳು.

ಒಂದು ದಿಮ್ಮಿ ಸಿಕ್ಕಿತೆಂದರೆ ಮುಗಿಯಿತು, ಅಲ್ಲಿಂದ ಅಂಬರೀಶನ ಅಳತೆ ದಾರ ಹಿಡಿದ ಹಾಗೆ ಡಾಂಬರು ರಸ್ತೆಗೆ ಹೋಗಿ ಮುಟ್ಟಿತು. ಕಂಪನಿಯವರು ಆಡಿದ ಮಾತಿನಂತೆ ಬೇಲಿ ಹಿಂದೆ ಸರಿಸಿದರು. ಪಂಚಾಯಿತಿಯವರು ಲಾಡಸಾಬನಿಗೆ ಬೇರೆ ಜಾಗ ತೋರಿಸಿದರು, ಕುದುರೆ ಲಾಯ ಇದ್ದ ಕಡೆ. ಇನ್ನು ಮೇಲೆ ಮುದುಕ ಕೆನೆಯುತ್ತಾನೆ ಎಂದು ಕೇರಿಯಲ್ಲಿ ಮಾತಾಯಿತು. ಅಲ್ಲಿ ಮನೆ ಏಳುವವರೆಗೆ ಇರುವುದೆಲ್ಲಿ ಎಂದು ಯಾರೂ ಕೇಳುವ ಮೊದಲೇ ಶಂಕ್ರೆವ್ವ ತನ್ನ ಪಡಸಾಲೆ ಖಾಲಿ ಮಾಡಿಸಿ ಅವರ ಕಟ್ಟೆಗೆ ಬಂದು ನಿಂತಳು. ಮಾತು ಬಿಟ್ಟವಳ ಮುಖವನ್ನೇ ಇನ್ನೂ ಹೊತ್ತಿದ್ದಳು.

"ಐವತ್ತು ವರ್ಷ ನನ್ನ ಒಲಿ ಮ್ಯಾಲೆ ರೈಲ್ ಬಿಟ್ಟಿಯಲ್ಲೋ ಅಣ್ಣಾ? ಈಗ ಅದs ಒಲಿ ಮುಂದ ಕುಂತು ಉಣ್ಣು. ಅದs ನಿನಗ ಶಿಕ್ಷಾ."

"ರೊಟ್ಟಿ ಮೆತ್ತಗ ಇರತಾವಿಲ್ಲೋ?" ಎಂದ ಲಾಡಸಾಬ.

"ಜಲ್ಲಿಗತೆ ಬಡದು ಹಾಕತೀನಿ, ನೋಡ್ತಿರು!"

ಮನೆ ಕೆಡಹುವ ಹಿಂದಿನ ದಿನ ಬೆಳಗ್ಗೆ ಸಾಮಾನೆಲ್ಲ ಮಗ್ಗುಲ ಮನೆ ಸೇರಿತು. ಮೋತಿಬಿ ಖಾಲಿ ಕೋಣೆಗಳನ್ನು ಗುಡಿಸಿ, ಅಗೆದ ತಗ್ಗಿನ ಸುತ್ತ ಒಮ್ಮೆ ಕಸಬರಿಗೆ ಆಡಿಸಿ, ಬುರ್ಖಾ ಸರಿಪಡಿಸಿಕೊಂಡು ಹೊರಬಿದ್ದಳು. ಹಿಂದೆ ಬಂದ ಲಾಡಸಾಬ ಬಾಗಿಲು ಎಳೆದುಕೊಂಡ, ಚಿಲಕ ಹಾಕಿದ, ಕಿಸೆಯಿಂದ ಕೀಲಿ ತೆಗೆದು ಜಡಿದು ಎರಡು ಸಲ ಜಗ್ಗಿ ನೋಡಿದ.

"ಏನ್ರಿ, ನಾಳಿ ಕೆಡವೂ ಮನಿಗೆ ಕೀಲಿ ಯಾಕ?" ಎಂದಳು ಮೋತಿಬಿ.

"ಕೆಡವಾಕ ಬರೋರು ಬಾಗಲಾ ಬಡದು ಕೇಳಿ ಬರ್ಲಿ. ನಾಳಿತನಾ ಇದು ಮನಿ ಐತಿ."

ಕೀಲಿಕೈಯನ್ನು ಕಿಸೆಗೆ ಇಳಿಬಿಟ್ಟು, ಕಟ್ಟೆಯ ಕಂಬಕ್ಕೆ ಕೈಯೂರಿ, ಮೂರು ಮೆಟ್ಟಿಲನ್ನು ಒಂದೊಂದಾಗಿ ಇಳಿದು ಅವನು ಹೆಂಡತಿಯ ಹಿಂದೆ ನಡೆದ.