ರಾಚವ್ವ ಹಚ್ಚಿದ ಕುಂಕುಮ

ಕುಂಕುಮ ತಪ್ಪಾದ ಹಣೆಗೆ ಬಿತ್ತು.

ಮುಂಬಯಿಯ ಭಾಂಡುಪಿನ ಗುಡ್ಡಕ್ಕೆ ಅಂಟಿಕೊಂಡಿರುವ ಒಂದು ಜೋಪಡಿ ವಸ್ತಿ. ವಿಧಾನಸಭೆ ಚುನಾವಣೆಯ ಪ್ರಚಾರ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ ಪಾದಯಾತ್ರೆ ಡೋಲು ಬಾರಿಸುತ್ತ ಮೆಟ್ಟಿಲು ಹತ್ತಿ ಬಂತು. ಗಲ್ಲಿಯ ಬಾಯಲ್ಲಿ ರಾಚವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಎಲ್ಲರಿಗಿಂತ ಮುಂದೆ ಬಂದವರು ಹಿಂದಿನ ಸಲ ಗೆದ್ದ ಡೋಂಗ್ರೆ ಸಾಹೇಬರು. ರಾಚವ್ವ ದೀಪ ಬೆಳಗಿದಳು, ಹೆಬ್ಬೆರಳಿನಿಂದ ಉದ್ದಕ್ಕೆ ಕುಂಕುಮ ಎಳೆದಳು, ತಲೆಗೆ ಅಕ್ಷತೆ ಹಾಕಿದಳು. ಡೋಂಗ್ರೆಯವರೂ ಕಣ್ಣು ಮುಚ್ಚಿ ತಲೆ ಬಗ್ಗಿಸಿಬಿಟ್ಟರು. ಹಲವು ಚುನಾವಣೆಗಳಲ್ಲಿ ಪಳಗಿದ ಹಣೆ ಅದು. ಅವರ ಬೆನ್ನ ಹಿಂದೆ, ಚೆಂಡುಹೂವಿನ ಹಾರ ಹಾಕಿಕೊಂಡ ಭೋಗಟೆ ಸಾಹೇಬರು ಹಣೆ ಮುಂದೆ ಚಾಚಿ ಕಾಯುತ್ತಿದ್ದರು. ಈ ಸಲದ ಉಮೇದುವಾರರು ಅವರು.

ಅದೇ ಗಲ್ಲಿಯ ಶೆಟ್ಟೆಪ್ಪ, ಪಕ್ಷದ ಕಾರ್ಯಕರ್ತ, ಹಲ್ಲು ಕಚ್ಚಿ ಪಿಸುಗುಟ್ಟಿದ. "ಅಕ್ಕಾ, ಅವ್ರಲ್ಲ! ಹಿಂದಿನವ್ರು, ಹಿಂದಿನವ್ರು!"

"ಹಿಂದಿನವ್ರಿಗೇ ಹಚ್ಚೀನಲ್ಲೋ! ಕಣ್ಣ ಕಾಣಂಗಿಲ್ಲೇನ ನಿನಗ?"

ಡೋಲಿನವನಿಗೆ ಕನ್ನಡ ಬರುತ್ತಿತ್ತೋ ಏನೋ, ನಕ್ಕು ತಾಳ ತಪ್ಪಿದ. ಸುತ್ತ ನಿಂತವರ ಮೊಬೈಲುಗಳಲ್ಲಿ ಭೋಗಟೆಯವರ ಬೋಳು ಹಣೆ ಶಾಶ್ವತವಾಗಿ ಉಳಿಯಿತು.

ರಾಚವ್ವನದು ಕಣ್ಣಿನ ತಪ್ಪಲ್ಲ, ರೂಢಿಯ ತಪ್ಪು. ಸಿಂದಗಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಈ ಗುಡ್ಡ ಹತ್ತಿದಾಗಿನಿಂದ ಇಲ್ಲಿ ಗೆದ್ದ ಪ್ರತಿಯೊಬ್ಬ ಆಮದಾರನ, ಅಂದರೆ ಶಾಸಕನ, ಹಣೆಗೂ ಅವಳದೇ ಕುಂಕುಮ. ಅವಳು ಹಚ್ಚಿದವನು ಸೋಲುವುದಿಲ್ಲ ಎಂಬ ಸುದ್ದಿ ಹೇಗೋ ಹಬ್ಬಿತ್ತು. ಬ್ಯಾಂಕಿನಲ್ಲಿ ಸಹಿ ಬಾರದ ಹೆಬ್ಬೆಟ್ಟು ಎಂದು ಅವಳನ್ನು ಪಕ್ಕಕ್ಕೆ ನಿಲ್ಲಿಸುತ್ತಿದ್ದರು. ಚುನಾವಣೆ ಬಂದರೆ ಅದೇ ಹೆಬ್ಬೆಟ್ಟಿಗೆ ಪಕ್ಷಗಳು ಪಾಳಿ ಹಚ್ಚುತ್ತಿದ್ದವು. ಅವಳು ಸೀರೆ ಕೇಳಲಿಲ್ಲ, ಕುಕ್ಕರ್ ಕೇಳಲಿಲ್ಲ. ಕುಂಕುಮ ಹಚ್ಚುವಾಗ, ಬಗ್ಗಿದ ಕಿವಿ ಬಾಯಿಗೆ ಹತ್ತಿರ ಬಂದಿರುತ್ತದಲ್ಲ, ಆಗ ತನ್ನ ಹರಕು ಮರಾಠಿಯಲ್ಲಿ ಒಂದೇ ಮಾತು ಹೇಳುತ್ತಿದ್ದಳು. "ಸಾಹೇಬ, ಭಿಂತ್ ಪಾಹಿಜೆ." ಗೋಡೆ ಬೇಕು.

ಅವಳ ಮನೆಯ ಹಿಂದೆಯೇ ಗುಡ್ಡ ಕಡಿದಾಗಿ ನಿಂತಿದೆ. ಪ್ರತಿ ಮಳೆಗಾಲ ಅದು ಸ್ವಲ್ಪ ಸ್ವಲ್ಪವೇ ಮನೆಯ ಕಡೆಗೆ ಬರುತ್ತದೆ. ಅದನ್ನು ತಡೆಯುವ ಕಲ್ಲಿನ ಗೋಡೆ ಬೇಕಿತ್ತು, ಅಷ್ಟೇ.

ಈ ಕ್ಷೇತ್ರದ ಚರಿತ್ರೆ ಎಂದರೆ ಆ ಗೋಡೆಯ ಭೂಮಿಪೂಜೆಗಳ ಚರಿತ್ರೆ. ಮೊದಲಿನವರು ಕಾರ್ಖಾನೆಯ ಯೂನಿಯನ್ ಲೀಡರು. ಆಗ ಕೆಳಗೆಲ್ಲ ಕಾರ್ಖಾನೆಗಳು. ಗೇಟಿನಲ್ಲಿ ಭಾಷಣವಾದರೆ ಓಟು ಸೈರನ್ನಿನ ಹಿಂದೆ ಸಾಲಾಗಿ ಹೊರಬರುತ್ತಿತ್ತು. ಅವರು ಗುಡ್ಡಕ್ಕೆ ಬಂದು ತೆಂಗಿನಕಾಯಿ ಒಡೆದರು. ಗೋಡೆ ಏಳಲಿಲ್ಲ, ಕಾರ್ಖಾನೆಗಳೇ ಮಲಗಿದವು. ಆ ಜಾಗದಲ್ಲಿ ಬಹುಮಹಡಿ ಫ್ಲ್ಯಾಟುಗಳ ಟವರುಗಳು ಎದ್ದವು. ಆಮೇಲೆ ಕ್ಷೇತ್ರಗಳ ಗಡಿ ಬದಲಾಗಿ, ಗುಡ್ಡ ಇದ್ದಲ್ಲೇ ಇದ್ದು ಬೇರೆ ಕ್ಷೇತ್ರಕ್ಕೆ ಹೋಯಿತು. ಅಲ್ಲಿ ಡೋಂಗ್ರೆ ಸಾಹೇಬರಿದ್ದರು. ಅವರೂ ಕಾಯಿ ಒಡೆದರು. ಗೆದ್ದ ಮೇಲೆ ಅವರ ಪಕ್ಷ ಬದಲಾಯಿತು. ಪಕ್ಷ ಎಂದರೆ ರೆಕ್ಕೆ. ಹಾರ ಹಾಕಿದರೆ ಹಾರುವುದೇ. ಹೊಸ ಬಾವುಟದಡಿ ಮತ್ತೆ ಗೆದ್ದು ಮತ್ತೊಮ್ಮೆ ಕಾಯಿ ಒಡೆದರು. ಆ ಸಲದ ಫಲಕದಲ್ಲಿ 'ಸಂರಕ್ಷಣಾ ಗೋಡೆ, ಎರಡನೇ ಹಂತ' ಎಂದಿತ್ತು. ಮೊದಲನೇ ಹಂತವನ್ನು ಕಂಡವರು ಯಾರೂ ಇರಲಿಲ್ಲ.

ಕಾನ್ವೆಂಟಿನಲ್ಲಿ ಓದಿದವರಿಗೆ ಅಸೆಂಬ್ಲಿ ಎಂದರೆ ಕಣ್ಣು ಮುಚ್ಚಿ ಕೈಜೋಡಿಸಿ ನಿಲ್ಲುವುದು. ಗುಡ್ಡದ ಮೇಲೂ ಅದರ ಅರ್ಥ ಬೇರೆಯಾಗಿರಲಿಲ್ಲ. ಆರತಿ ಮುಗಿದು ಫೋಟೊ ಆದ ಕೂಡಲೇ ಪಾದಯಾತ್ರೆ ಗಲ್ಲಿಯೊಳಗೆ ಕಾಲಿಡದೆ ಟವರುಗಳ ಕಡೆ ಇಳಿದುಹೋಗುತ್ತಿತ್ತು. ಮತದಾನದ ದಿನ ರಾಚವ್ವನಿಗೆ ಕೈಬಿಡುವೇ ಇಲ್ಲ. ಬೂತಿನ ಹೊರಗೆ ಟೇಬಲ್ ಹಾಕಿ ಕೂತ ಎಲ್ಲ ಪಕ್ಷದವರಿಗೂ ಸಂಜೆಯವರೆಗೆ ಚಹಾ, ಭಜಿ.

ಗಂಡ ಸಿದ್ದರಾಮಪ್ಪ ಗೌಂಡಿ. ಘಾಟ್ಕೋಪರಿನ ಸೊಸೈಟಿಗಳಿಗೆ, ವಿಲೆ ಪಾರ್ಲೆಯ ಬಂಗಲೆಗಳಿಗೆ ಗೋಡೆ ಕಟ್ಟಿ ಕಟ್ಟಿ ಬೆನ್ನು ಬಾಗಿಸಿಕೊಂಡವನು. "ಊರ ಮಂದಿ ಗ್ವಾಡಿ ಕಟ್ಟತೀನಿ, ನನ್ನ ಗ್ವಾಡಿ ಕಟ್ಟಾಕ ಆಮದಾರ ಯಾಕ ಬೇಕು?" ಎಂದು ಒಂದು ವರ್ಷ ರಜೆಯ ದಿನಗಳಲ್ಲಿ ತಾನೇ ಕಲ್ಲು ಹೊತ್ತು ಎದೆಮಟ್ಟ ಎಬ್ಬಿಸಿದ. ಅನಧಿಕೃತ ಕಟ್ಟಡ ಎಂದು ಯಾವುದೋ ಇಲಾಖೆಯ ಗಾಡಿ ಬಂದು ಕೆಡವಿತು. ಯಾವ ಇಲಾಖೆ ಎಂಬುದು ಗಲ್ಲಿಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಗೋಡೆ ಕಟ್ಟಲು ಗುಡ್ಡ ಯಾರದೂ ಅಲ್ಲ, ಕೆಡವಲು ಎಲ್ಲರದೂ.

ಈ ಸಲ ಮೈತ್ರಿಯ ಲೆಕ್ಕದಲ್ಲಿ ಸೀಟು ಭೋಗಟೆಯವರಿಗೆ ಹೋಗಿತ್ತು. ಹಿಂದಿನ ಚುನಾವಣೆಯಲ್ಲಿ ಇದೇ ಭೋಗಟೆಯವರನ್ನು ಸೋಲಿಸಿದ ಡೋಂಗ್ರೆಯವರು ಈಗ ಅವರಿಗೆ ದಾರಿ ತೋರಿಸುತ್ತ ಮುಂದೆ ನಡೆಯಬೇಕಾಗಿತ್ತು. ಅದನ್ನು ರಾಚವ್ವನಿಗೆ ಹೇಳಲು ಶೆಟ್ಟೆಪ್ಪ ಮರೆತಿದ್ದ.

ಕುಂಕುಮವಿಲ್ಲದೆಯೂ ಭೋಗಟೆ ಗೆದ್ದರು. ಮಳೆಗಾಲಕ್ಕೆ ಮೊದಲು ರಾಚವ್ವ ಅವರ ಕಚೇರಿಗೆ ಹೋದಳು. ಸಾಹೇಬರು ನಗುತ್ತಲೇ ಕೈಮುಗಿದರು. "ತಾಯಿ, ನೀವು ಆರತಿ ಮಾಡಿದ್ದು ಡೋಂಗ್ರೆಯವರಿಗೆ. ಗೋಡೆ ಅವರನ್ನೇ ಕೇಳಿ." ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಡೋಂಗ್ರೆಯವರ ಮನೆಗೂ ಹೋದಳು. ಅವರು ನಗಲಿಲ್ಲ. "ಈಗ ನಾನೇ ಗೋಡೆಯ ಆಚೆ ಇದ್ದೇನಮ್ಮ" ಎಂದರು.

ರಾಚವ್ವನಿಗೆ ಊಟ ಸೇರದಾಯಿತು. "ನನ್ನ ಹೆಬ್ಬಟ್ಟ ತಪ್ಪತ್ರೀ," ಎಂದು ಗಂಡನ ಮುಂದೆ ಅತ್ತಳು. "ಬರೋ ಗ್ವಾಡಿ ನಾನ ತಪ್ಪಿಸಿದೆ."

"ಹುಚ್ಚಿ ಅದಿ ನೀ. ನಿನ್ನ ಬಟ್ಟಿನಾಗ ಸಿಮಿಟ್ ಐತೇನು?" ಎಂದ ಸಿದ್ದರಾಮಪ್ಪ. ಹಾಗೆಂದವನು ಮಾರನೆಯ ದಿನ ಕೆಲಸದಿಂದ ಬರುವಾಗ ನೀಲಿ ಪ್ಲಾಸ್ಟಿಕ್ ತಾಡಪತ್ರಿ ತಂದು, ಕಲ್ಲು ಹೇರಿ, ಗುಡ್ಡದ ಮೈಗೆ ಹೊದಿಸಿದ.

ಜುಲೈನ ಒಂದು ಮಧ್ಯಾಹ್ನ ಗಾಳಿಗೆ ತಾಡಪತ್ರಿಯ ಒಂದು ತುದಿ ಎದ್ದಿತು. ಅದನ್ನು ಕಟ್ಟಲು ಅವನು ಮನೆಯ ಹಿಂದೆ ಹೋದ. ರಾಚವ್ವ ಆಗ ಕೆಳಗಿನ ಟವರಿನಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಕಾರ್ಖಾನೆ ಇದ್ದ ಜಾಗದ ಟವರು. ಅಡುಗೆಮನೆಯ ಕಿಟಕಿಯಿಂದ ಗುಡ್ಡ ಕಾಣುತ್ತದೆ. ಮಳೆಯಲ್ಲಿ ಜನ ಮೇಲಕ್ಕೆ ಓಡುವುದು ಕಂಡಿತು. "ಪಾಪ, ಯಾರ ಮನಿಗೆ ಏನಾತೋ" ಎಂದುಕೊಂಡು ಇನ್ನೆರಡು ಪಾತ್ರೆ ತೊಳೆದಳು. ಆಮೇಲೆ ಮಣ್ಣಿನಲ್ಲಿ ನೀಲಿ ಬಣ್ಣ ಕಂಡಿತು. ನಲ್ಲಿ ನಿಲ್ಲಿಸದೆಯೇ ಮೆಟ್ಟಿಲಿಳಿದು ಓಡಿದಳು.

ಸಿದ್ದರಾಮಪ್ಪನನ್ನು ಹೊರತೆಗೆಯುವ ಹೊತ್ತಿಗೆ ಮಳೆ ನಿಂತು ಬಿಸಿಲು ಬಂದಿತ್ತು. ಅವನ ಮುಷ್ಟಿಯಲ್ಲಿ ಹಗ್ಗ ಹಾಗೇ ಇತ್ತು.

ದಿನಕರ್ಮ ಮುಗಿದ ಮರುದಿನ ಭೋಗಟೆ ಸಾಹೇಬರು ಬಂದರು. ಸಾಂತ್ವನಕ್ಕೆ ಬರುವುದು, ಗೋಡೆಯ ಭೂಮಿಪೂಜೆ, ಎರಡನ್ನೂ ಒಂದೇ ಖರ್ಚಿನಲ್ಲಿ ಮುಗಿಸುವ ಏರ್ಪಾಡು. ಗಲ್ಲಿಯ ಬಾಯಲ್ಲಿ ಆರತಿ ತಟ್ಟೆ ಈಗ ಪಕ್ಕದ ಮನೆಯ ಇಂದ್ರಾಬಾಯಿಯ ಕೈಯಲ್ಲಿತ್ತು. ತಟ್ಟೆ ಮಾತ್ರ ರಾಚವ್ವನದೇ. ಶೆಟ್ಟೆಪ್ಪ ಬಂದು ನೆಲ ನೋಡುತ್ತ ಕೇಳಿ ಒಯ್ದಿದ್ದ. "ಅಕ್ಕಾ, ನೀನು ಈಗ... ಗೊತ್ತಲ್ಲ." ಗೊತ್ತಿತ್ತು. ಬೋಳು ಹಣೆಯ ರಾಚವ್ವ ಬಾಗಿಲೊಳಗೇ ನಿಂತು, ಕುಂಕುಮ ಈ ಸಲ ಸರಿಯಾದ ಹಣೆಗೆ ಬೀಳುವುದನ್ನು ನೋಡಿದಳು.

ಕಾಯಿ ಒಡೆದು ಎಲ್ಲರೂ ಇಳಿದುಹೋದ ಮೇಲೆ ಶೀತಲ್ ಉಳಿದಳು. ಇದೇ ಗಲ್ಲಿಯಲ್ಲಿ ಬೆಳೆದ ಹುಡುಗಿ. ಈಗ ಮೊಬೈಲಿನಲ್ಲಿ ಸುದ್ದಿ ಮಾಡುವ ಒಂದು ಚಾನೆಲ್ಲಿನಲ್ಲಿ ಕೆಲಸ. ಅವಳ ಕಣ್ಣು ಒದ್ದೆಯಾಗಿತ್ತು, ಸಿಟ್ಟೂ ಇತ್ತು. ಮೊಬೈಲ್ ಎತ್ತಿ ಹಿಡಿದು, ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಕೇಳಿದಳು.

"ಕಾಕು, ಎಕ್ ಮಿನಿಟ್ ಇಕಡೆ ನೋಡ್ರಿ ನಾ. ಇಷ್ಟ್ ವರ್ಷ ನೀವು ಎಲ್ಲಾರ್ದು ಆರತಿ ಮಾಡಿದ್ರಿ. ಎಲ್ಲಾರು ಫಸಾಯಿಸಿದ್ರು. ನೀವು ವೋಟ್ ಯಾರ್ಗೆ ಕೊಟ್ರಿ? ಡರ್ ಬ್ಯಾಡ, ಹೇಳ್ರಿ. ಯಾರ್ಗೆ ಕೊಟ್ರಿ?"

ರಾಚವ್ವ ಮೊಬೈಲನ್ನು ನೋಡಿದಳು, ಆಮೇಲೆ ಹುಡುಗಿಯನ್ನು. ಇಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು.

"ನಂದೆಲ್ಲಿ ಓಟವಾ ಇಲ್ಲಿ? ಈ ಗಲ್ಲಿಯಾಗ ಯಾರದೂ ಇಲ್ಲ. ನಮ್ಮ ಓಟೆಲ್ಲಾ ಊರಾಗ ಅದಾವು. ಅಲ್ಲಿ ಎಲೆಕ್ಷನ್ ಬಂತಂದ್ರ ಅಲ್ಲಿಯವ್ರ ಬಸ್ ಕಳಸ್ತಾರ, ಹೋಗಿ ಹಾಕಿ ಬರ್ತೀವಿ."

ಶೀತಲ್ ಮೊಬೈಲ್ ಕೆಳಗಿಳಿಸಿದಳು. ಏನಾದರೂ ಕೇಳಲೇಬೇಕಲ್ಲ ಎಂಬಂತೆ ಕೇಳಿದಳು. "ತೋ ಊರಲ್ಲಿ ಗೋಡೆ ಕೇಳ್ಬೇಕಿತ್ತು ನಾ, ಕಾಕು?"

"ಅಲ್ಲಿ ಎದಕ್ಕ?" ಎಂದಳು ರಾಚವ್ವ. "ನಮ್ಮೂರಾಗ ಗುಡ್ಡನ ಇಲ್ಲ."