ಸೊಟ್ಟ ಬೋರ್ಡು ಕಂಡರೆ ತಡೆಯದ ನಮ್ಮಪ್ಪ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ದಯವಿಟ್ಟು ಕ್ಷಮಿಸಿ. ಎಂಟನೇ ತರಗತಿಗೇ ಶಾಲೆ ಬಿಟ್ಟವಳು, ಪದಗಳೂ ಕಡಿಮೆ. ಬೋರ್ಡ್ ಬರೆಯುವವರ ಮಗಳು ಹೀಗೆ ಬರೆಯುವುದು ನಾಚಿಕೆಯ ವಿಷಯವೇ. ಮೂರು ಸಲ ತಿದ್ದಿ ಬರೆದಿದ್ದೇನೆ.

ನಮ್ಮಪ್ಪ ಮೂವತ್ತು ವರ್ಷದಿಂದ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದಾರೆ. ಕೈ ಚಿನ್ನದಂಥದು, ಕಣ್ಣಿನದೇ ತೊಂದರೆ. ಎಲ್ಲಿ ಸೊಟ್ಟ ಬೋರ್ಡು ಕಂಡರೂ ಅವರಿಗೆ ತಡೆಯುವುದಿಲ್ಲ. ಜೇಬಿನಲ್ಲಿ ಗೇಣುದ್ದದ ರಸಮಟ್ಟ ಇರುತ್ತದೆ. ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವಿಗೆ ಬರುವವರೆಗೆ ಬೋರ್ಡನ್ನು ಬಿಡುವುದಿಲ್ಲ. ಯಾರನ್ನೂ ಕೇಳುವುದೂ ಇಲ್ಲ. ಒಮ್ಮೆ ಹಲ್ಲು ಕೀಳಿಸಲು ಹೋದವರು, ಊದಿದ ಕೆನ್ನೆಯಲ್ಲೇ ಸ್ಟೂಲಿನ ಮೇಲೆ ನಿಂತು ಡಾಕ್ಟರ ಪದವಿಪತ್ರವನ್ನು ನೆಟ್ಟಗೆ ಮಾಡಿ ಬಂದರು.

"ಊರಿನ ಸೊಟ್ಟೆಲ್ಲ ನಿಮ್ಮ ತಲೆ ಮೇಲೇ ಬಿದ್ದಿದೆಯೇನ್ರೀ? ನಮ್ಮ ಕಪಾಟಿನ ಬಾಗಿಲು ಎರಡು ವರ್ಷದಿಂದ ನೇತಾಡ್ತಿದೆ, ಅದು ಕಾಣಲ್ವಾ?" ಎಂದು ಅಮ್ಮ ರೇಗಿದರು.

"ಅದು ಬೋರ್ಡಲ್ವಲ್ಲೇ," ಎಂದರು ಅಪ್ಪ.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಆದರೆ ವಾಚನಾಲಯಕ್ಕೂ ಕೈ ಹಾಕಿದರು. ಈ ವರ್ಷ ನಾನು ಹೊರಗಿನಿಂದ ಹತ್ತನೇ ತರಗತಿ ಪರೀಕ್ಷೆ ಕಟ್ಟಿದ್ದೇನೆ. ನಮ್ಮ ಮನೆಯಲ್ಲಿರುವುದು ಒಂದೇ ಮೇಜು, ಅದರ ಮೇಲೆ ಸದಾ ಯಾವುದೋ ಬೋರ್ಡ್ ಒಣಗುತ್ತಿರುತ್ತದೆ. ವಾಚನಾಲಯದ ಪಠ್ಯಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ. ಅಲ್ಲಿನ ಕಿಟಕಿ ಪಕ್ಕದ ಮೂರನೇ ಮೇಜೇ ನನ್ನ ಶಾಲೆ.

ಹೋದ ಸೋಮವಾರ ನಾನು ಮರೆತುಹೋದ ಕನ್ನಡಕ ಕೊಡಲು ಅಪ್ಪ ಅಲ್ಲಿಗೆ ಬಂದರು. ಗೋಡೆಯ ಮೇಲೆ 'ನಿಶ್ಶಬ್ದ' ಎಂಬ ಬೋರ್ಡು ಬೆರಳಷ್ಟು ವಾಲಿತ್ತು. ಎಲ್ಲರೂ ಓದುತ್ತಿದ್ದಾಗಲೇ ಚೀಲದಿಂದ ಸುತ್ತಿಗೆ ತೆಗೆದು, ಸ್ಟೂಲು ಹತ್ತಿ, ಆ ನಿಶ್ಶಬ್ದಕ್ಕೆ ನಾಲ್ಕು ಮೊಳೆ ಹೊಡೆದರು. "ಅಪ್ಪಾ, ಬೇಡ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇಳಿಯುವಾಗ ಅವರ ಕಾಲು ತಾಗಿ, ಪುಸ್ತಕ ಹುಡುಕುವ ಕಾರ್ಡುಗಳ ಪೆಟ್ಟಿಗೆ ಉರುಳಿತು. ಎರಡು ಸಾವಿರ ಕಾರ್ಡು ನೆಲದ ಪಾಲಾದವು.

ಮರುದಿನ ವಾಚನಾಲಯದ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: "ಬೋರ್ಡ್ ಬರೆಯುವವರು ಇಲ್ಲಿ ಪರ್ಸೋನಾ ನಾನ್ ಗ್ರಾಟಾ." ಅದು ನಮಗೇ ಎಂದು ತಿಳಿಯಿತು, ಅರ್ಥ ತಿಳಿಯಲಿಲ್ಲ. ನನಗೂ ಬಾಗಿಲು ಮುಚ್ಚಿತೇನೋ ಎಂದು ಮೆಟ್ಟಿಲ ಮೇಲೆ ಅರ್ಧ ಗಂಟೆ ನಿಂತು ಹಿಂತಿರುಗಿದೆ. ಬುಧವಾರವೂ ಅದೇ ಪಾಡು. ಗುರುವಾರ ಗಟ್ಟಿ ಮನಸ್ಸು ಮಾಡಿ ಒಳಗೆ ಹೋದೆ. ಗ್ರಂಥಪಾಲಕಿ ಮೇಡಂ ಇನ್ನೂ ನೆಲದ ಮೇಲೆ ಕೂತು ಕಾರ್ಡು ಜೋಡಿಸುತ್ತಿದ್ದರು.

"ಮೇಡಂ, ಅದು... ಬೈಗುಳವಾ?"

"ಅಲ್ಲ ಕಣಮ್ಮ, ಲ್ಯಾಟಿನ್. ಬೇಡವಾದ ವ್ಯಕ್ತಿ ಅಂತ. ಬೇರೆ ದೇಶದ ರಾಯಭಾರಿ ನಮಗೆ ಬೇಡ ಅನ್ನಿಸಿದ್ರೆ ಸರ್ಕಾರ ಹೀಗೆ ಹೇಳುತ್ತೆ. ಜೈಲಿಲ್ಲ, ಕೋರ್ಟಿಲ್ಲ, ಕಾರಣ ಹೇಳೋದೂ ಬೇಕಿಲ್ಲ. ಗಂಟುಮೂಟೆ ಕಟ್ಟು, ಅಷ್ಟೇ. ಈಗ ಕ್ಲಬ್ಬು, ಆಫೀಸು, ನೆಂಟರ ಮನೆ, ಎಲ್ಲ ಕಡೆ ಬೇಡವಾದವರಿಗೆ ಇದೇ ಮಾತು."

"ಕನ್ನಡದಲ್ಲೇ ಬರೀಬಹುದಿತ್ತಲ್ಲ?"

"ನಿಮ್ಮಪ್ಪನಿಗೆ ಬೇಜಾರಾಗುತ್ತೆ ಅಂತ ಬರೀಲಿಲ್ಲ. ಕಾರಣ ಮಾತ್ರ ಬೇಕಾದಷ್ಟಿದೆ, ನೋಡು!" ಎಂದು ಕಾರ್ಡಿನ ರಾಶಿ ತೋರಿಸಿದರು.

"ರಾಯಭಾರಿಯ ಮಗಳೂ ಹೋಗ್ಬೇಕಾ?"

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಅಪ್ಪನ ಬಾಲ ಹಿಡ್ಕೊಂಡು ಬಂದವಳಾದ್ರೆ ಹೋಗ್ಬೇಕು. ನೀನು ನಿನ್ನದೇ ಸದಸ್ಯತ್ವದ ಕಾರ್ಡಿನ ಮೇಲೆ ಬರೋಳು. ಎರಡು ದಿನ ಎಲ್ಲಿ ಹಾಳಾಗಿ ಹೋಗಿದ್ದೆ? ಕೂತ್ಕೋ, ಇವನ್ನ ಅಕಾರಾದಿಯಾಗಿ ಜೋಡಿಸು."

ಮನೆಗೆ ಬಂದು ಅಪ್ಪನಿಗೆ ಅರ್ಥವನ್ನೆಲ್ಲ ನಿಧಾನವಾಗಿ ಹೇಳಿದೆ. ಅವರು ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದರು. ಆಮೇಲೆ ಕೇಳಿದರು, "ಆ ಚೀಟಿ ನೆಟ್ಟಗಿದೆಯಾ?"

"ಸ್ವಲ್ಪ ವಾಲಿದೆ," ಎಂದೆ. ಹೇಳಬಾರದಿತ್ತು.

ಇವತ್ತು ಬೆಳಿಗ್ಗೆ ನೋಡಿದರೆ ಮೇಜಿನ ಮೇಲೆ ನೀಲಿ ತಗಡು; ಅದರ ಮೇಲೆ ಬಿಳಿ ಅಕ್ಷರದಲ್ಲಿ ಅಪ್ಪ ತಮ್ಮ ಬಹಿಷ್ಕಾರವನ್ನು ತಾವೇ ಬರೆಯುತ್ತಿದ್ದಾರೆ! ಅಮ್ಮ ಹಣೆ ಚಚ್ಚಿಕೊಂಡರು.

"ಬೇಡ ಅನ್ನೋದನ್ನಾದ್ರೂ ನೆಟ್ಟಗೆ ಹೇಳ್ಲಿ ಕಣೇ," ಎಂದರು ಅಪ್ಪ. "ನಾನು ಒಳಗೆ ಹೋಗಲ್ಲ. ಹೊರಗೇ ನಿಂತು ಎರಡೇ ಎರಡು ಮೊಳೆ..."

"ಬೇಡಪ್ಪಾ!"

ಈ ಸಲ ನನ್ನ ದನಿ ಬೀದಿಗೆಲ್ಲ ಕೇಳಿಸಿತು. ಅಪ್ಪ ಬೆಚ್ಚಿಬಿದ್ದು, ಜೇಬಿನಿಂದ ರಸಮಟ್ಟ ತೆಗೆದು ನನ್ನ ಕೈಗೆ ಕೊಟ್ಟರು. ಅವರು ಅದನ್ನು ಬೇರೆಯವರಿಗೆ ಕೊಟ್ಟಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಬಣ್ಣ ಒಣಗಿದೆ. ನಾಳೆ ಬೋರ್ಡು ತೆಗೆದುಕೊಂಡು ಹೋಗಿ ಮೊದಲು ಮೇಡಂ ಅವರನ್ನು ಕೇಳುತ್ತೇನೆ. ಒಪ್ಪಿದರೆ ನಾನೇ ತೂಗುಹಾಕಿ, ಮೂರನೇ ಮೇಜಿಗೆ ಹೋಗಿ ಗಣಿತ ತೆಗೆಯುತ್ತೇನೆ.