ಕಣ್ಣು ಮುಚ್ಚಿಸಿದ ಮಾಸ್ತರು

ಮದ್ರಾಸ್ ಸರಕಾರದ ಕಾಲ. ಹೊಸಪೇಟೆಯ ಹೈಸ್ಕೂಲಿನಲ್ಲಿ ನಮಗೆ ಇತಿಹಾಸ ಹೇಳುತ್ತಿದ್ದ ಮಾಸ್ತರು ನಶ್ಯದ ಡಬ್ಬಿಯನ್ನು ಎರಡು ಸಲ ತಟ್ಟದೆ ಯಾವ ರಾಜನನ್ನೂ ಪಟ್ಟಕ್ಕೆ ಕೂರಿಸುತ್ತಿರಲಿಲ್ಲ.

ನಾನು ಹಂಪಿಯ ಬಂಡೆಯಿಂದ ಜಾರಿ ತಲೆಗೆ ಪೆಟ್ಟು ಮಾಡಿಕೊಂಡು, ಮೂರು ವಾರದ ಮೇಲೆ ಶಾಲೆಗೆ ಬಂದೆ. ಎರಡು ಸಾಲು ಓದಿದರೆ ಅಕ್ಷರಗಳು ತೇಲಾಡುತ್ತಿದ್ದವು. ಹೆಡ್‌ಮಾಸ್ತರು, "ಓದಾಕ ಆಗದಿದ್ರ ಶಾಲಿಯಿಂದ ಹೆಸರು ಹೊಡೀತೀನಿ" ಅಂದರು. ಈ ಮಾಸ್ತರು ಮಾತ್ರ ನನ್ನನ್ನು ನೆರಳಿಗೆ ಕೂರಿಸಿ, "ಕಣ್ಣು ಮುಚ್ಚಿ ಕೇಳಪ್ಪ. ಅವಸರ ಬ್ಯಾಡ, ಇತಿಹಾಸ ಎಲ್ಲಿಗೂ ಓಡಿ ಹೋಗೂದಿಲ್ಲ" ಅಂದರು.

ವಾರದೊಳಗೆ ನನ್ನನ್ನು ನೋಡಿ ಇಡೀ ಕ್ಲಾಸಿಗೆ ತಲೆನೋವು ಬಂತು. ಅವರು ಎಲ್ಲರ ಕಣ್ಣನ್ನೂ ಮುಚ್ಚಿಸಿ ಪಾಠ ಮುಂದುವರಿಸಿದರು. ಅಂಥ ಹೊತ್ತಿನಲ್ಲೇ ಶಾಲೆಗಳ ಇನ್‌ಸ್ಪೆಕ್ಟರು ಬಂದರು.

"ಹುಡುಗರು ಮಲಗ್ಯಾರಲ್ರಿ!"

"ಏನಾರ ಕೇಳಿ ನೋಡ್ರಿ, ಸಾಹೇಬ್ರ."

ಇನ್‌ಸ್ಪೆಕ್ಟರು ಕೇಳಿದ್ದಕ್ಕೆಲ್ಲ ನಾನು ಕಣ್ಣು ಮುಚ್ಚಿಕೊಂಡೇ ಉತ್ತರ ಹೇಳಿದೆ. ನನ್ನ ಹೆಸರು ಉಳಿಯಿತು. ಇನ್‌ಸ್ಪೆಕ್ಟರಿಗಂತೂ ಆ ಮುಚ್ಚಿದ ಕಣ್ಣುಗಳೇ ಬಹಳ ಹಿಡಿಸಿದವು. ತಿಂಗಳೊಳಗೆ ಆರ್ಡರ್ ಬಂತು: ಎಲ್ಲ ಪಾಠಗಳಲ್ಲೂ ವಿದ್ಯಾರ್ಥಿಗಳು ಹತ್ತು ನಿಮಿಷ ಕಣ್ಣು ಮುಚ್ಚತಕ್ಕದ್ದು. ಡ್ರಿಲ್ ಮಾಸ್ತರು ಆರ್ಡರಿಗೆ ತಪ್ಪುವವರಲ್ಲ. ಓಡುತ್ತಿದ್ದವರ ಕಣ್ಣು ಮುಚ್ಚಿಸಿದರು. ಇಬ್ಬರು ಹುಡುಗರು ತಲೆಗೆ ತಲೆ ಹೊಡೆದುಕೊಂಡು ಬಿದ್ದರು.

ನಮ್ಮ ಮಾಸ್ತರು ಮೈದಾನಕ್ಕೆ ಓಡಿ ಬಂದು, ತಮ್ಮ ಶಲ್ಯವನ್ನೇ ನೀರಲ್ಲಿ ಅದ್ದಿ ಅವರ ಹಣೆಗೆ ಒತ್ತುತ್ತ, "ಇನ್ನಾರ ಕಣ್ಣು ತೆರಸಿ ಓಡಸ್ರಿ ಮಾರಾಯ್ರ!" ಎಂದು ಕೂಗಿದರು.

ಡ್ರಿಲ್ ಮಾಸ್ತರು ನೆಟ್ಟಗೆ ನಿಂತು ಹೇಳಿದರು: "ಅದಕ್ಕ ಇನ್ನೊಂದು ಆರ್ಡರ್ ಬರಬೇಕಲ್ರಿ."